ಪುಟ್ಟ ಹೊಟ್ಟೆಗೆ ಜ್ಯೂಸ್ ಸಾಕೇ?

ಮನೆಯಲ್ಲಿ ಯಾರಾದರೂ ಆಸ್ಪತ್ರೆಯಿಂದ ಮರಳಿದರೆ ನಾವು ಮೊದಲು ಮಾಡುವ ಕೆಲಸ ಹಣ್ಣು ತರಿಸುವುದು. ನೋಡಲು ಬರುವವರ ಕೈಯಲ್ಲೂ ಮೂಸಂಬಿ, ಸೇಬು, ದಾಳಿಂಬೆಯ ಚೀಲ ಇದ್ದೇ ಇರುತ್ತದೆ. 'ಊಟ ಸೇರದಿದ್ದರೆ ಹೋಗಲಿ, ಒಂದು ಲೋಟ ಜ್ಯೂಸ್ ಆದರೂ ಕುಡಿ' ಎಂದು ಒತ್ತಾಯಿಸದ ತಾಯಿ, ಅತ್ತೆ, ಅಕ್ಕ ಯಾರಿದ್ದಾರೆ? ಅದು ಪ್ರೀತಿಯಿಂದ ಹೇಳುವ ಮಾತು. ಆದರೆ ಸಹೋದರಿಯರೇ, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರಿಗೆ ಇದೇ ಪ್ರೀತಿ ಅಪಾಯ ತರಬಹುದು. ಈ ತಿಂಗಳು ಅದನ್ನೇ ಬರೆಯುತ್ತಿದ್ದೇನೆ. ಏಕೆಂದರೆ ಇದು ನನ್ನ ಸಂಬಂಧಿಕರ ಮನೆಯಲ್ಲೇ ನಡೆದದ್ದು.

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ಬದನವಾಳು ಸಿಗುತ್ತದೆ. ಗಾಂಧೀಜಿಯ ಕಾಲದಿಂದಲೂ ಖಾದಿ ನೂಲುವ ಕೇಂದ್ರಕ್ಕೆ ಹೆಸರಾದ ಊರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಅಲ್ಲಿ ಸತ್ಯಾಗ್ರಹ ನಡೆಸಿದಾಗ ಪತ್ರಿಕೆಗಳಲ್ಲಿ ನೀವು ಈ ಹೆಸರನ್ನು ಓದಿರಬಹುದು. ನನ್ನ ಖಾಲಾನ ಮಗಳನ್ನು ಆ ಕಡೆಗೇ ಮದುವೆ ಮಾಡಿಕೊಟ್ಟಿದೆ. ಅವಳ ಗಂಡನಿಗೆ ನಂಜನಗೂಡಿನಲ್ಲಿ ಹಣ್ಣಿನ ವ್ಯಾಪಾರ. ಮೂರು ಹೆರಿಗೆಯ ನಂತರ ಅವಳ ತೂಕ ಏರುತ್ತಾ ಹೋಗಿ 110 ಕಿಲೋ ದಾಟಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಎಲ್ಲವೂ ಜೊತೆಗೂಡಿದ್ದವು. ನೆಲದ ಮೇಲೆ ಕುಳಿತರೆ ಇಬ್ಬರು ಕೈ ಹಿಡಿದು ಎಬ್ಬಿಸಬೇಕಿತ್ತು. ನಡೆದದ್ದಾಯಿತು, ಪಥ್ಯ ಮಾಡಿದ್ದಾಯಿತು, ಕೊನೆಗೆ ವೈದ್ಯರ ಸಲಹೆಯಂತೆ ದೊಡ್ಡ ನಗರವೊಂದರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಅದು ಚೆನ್ನಾಗಿಯೇ ಆಯಿತು.

ನಾಲ್ಕು ತಿಂಗಳ ನಂತರ ನಾನು ಅವಳನ್ನು ನೋಡಲು ಹೋದೆ. 24 ಕಿಲೋ ಇಳಿದಿದ್ದಳು. ಬಂದವರೆಲ್ಲ 'ಮಾಷಾ ಅಲ್ಲಾಹ್, ಎಷ್ಟು ಸಣ್ಣಗಾಗಿದ್ದೀಯ' ಎನ್ನುತ್ತಿದ್ದರು. ಆದರೆ ಅವಳ ಮುಖದಲ್ಲಿ ಕಳೆಯಿರಲಿಲ್ಲ. ಬಾಚಣಿಗೆಯ ತುಂಬ ಕೂದಲು. ಅಡುಗೆಮನೆಯಿಂದ ಹಜಾರಕ್ಕೆ ಬರುವಾಗ ಗೋಡೆ ಹಿಡಿದುಕೊಂಡು ಬಂದಳು. 'ಪಾದ ಜೋಮು ಹಿಡಿದ ಹಾಗಿರುತ್ತೆ ಆಪಾ, ಚಪ್ಪಲಿ ಕಳಚಿದ್ದೂ ಗೊತ್ತಾಗಲ್ಲ' ಎಂದಳು.

'ಏನು ತಿನ್ನುತ್ತಿದ್ದೀಯ?' ಎಂದು ಕೇಳಿದೆ.

'ಅನ್ನ, ಮೊಟ್ಟೆ ಏನು ತಿಂದರೂ ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗಿ ವಾಂತಿ ಆಗುತ್ತೆ. ಜ್ಯೂಸ್ ಆದರೆ ಸಲೀಸಾಗಿ ಇಳಿಯುತ್ತೆ.'

ಅವಳ ಅತ್ತೆ ಪಕ್ಕದಲ್ಲೇ ಇದ್ದರು. 'ನಾವೇನು ಕಡಿಮೆ ಮಾಡಿದ್ದೀವಮ್ಮಾ? ಬೆಳಿಗ್ಗೆ ಮೂಸಂಬಿ, ಹನ್ನೊಂದಕ್ಕೆ ಕ್ಯಾರೆಟ್ ಬೀಟ್‌ರೂಟ್, ಮಧ್ಯಾಹ್ನ ದಾಳಿಂಬೆ, ಸಂಜೆ ಅವನು ಕಬ್ಬಿನ ಹಾಲು ತರುತ್ತಾನೆ, ರಾತ್ರಿ ದ್ರಾಕ್ಷಿ. ಒಂದು ದಿನವೂ ತಪ್ಪಿಸಿಲ್ಲ' ಎಂದರು. ಆ ಹಿರಿಯ ಜೀವದ ಕಣ್ಣಲ್ಲಿ ನೀರಿತ್ತು. ಸೊಸೆಗಾಗಿ ದಿನಕ್ಕೆ ಐದು ಸಲ ಮಿಕ್ಸಿ ತೊಳೆಯುವ ಅತ್ತೆಯನ್ನು ದೂರುವುದಾದರೂ ಹೇಗೆ?

ಆಸ್ಪತ್ರೆಯವರು ಆಹಾರದ ಪಟ್ಟಿ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು. ನಾಲ್ಕು ಹಾಳೆ, ಪೂರ್ತಿ ಇಂಗ್ಲಿಷಿನಲ್ಲಿ. ಅದು ಬೀರುವಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಭದ್ರವಾಗಿತ್ತು.

ಶಸ್ತ್ರಚಿಕಿತ್ಸೆಯಲ್ಲಿ ಆಗುವುದೇನು?

ಮೊದಲು ಒಂದು ಗೊಂದಲ ದೂರ ಮಾಡಿಕೊಳ್ಳೋಣ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಚಿಕಿತ್ಸೆಯೇ ಬೇರೆ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯೇ ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಾಗ ಅನೇಕರು ಎರಡನ್ನೂ ಒಂದೇ ಎಂದು ಭಾವಿಸಿದರು. ಅವರು ಮಾಡಿಸಿಕೊಂಡದ್ದು ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆ. ನಾವು ಇಲ್ಲಿ ಮಾತಾಡುತ್ತಿರುವುದು ಜಠರದ ಶಸ್ತ್ರಚಿಕಿತ್ಸೆಯ ಬಗ್ಗೆ. ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಯಲ್ಲ ಅದು. ಅತಿಯಾದ ಬೊಜ್ಜು ಮತ್ತು ಅದರಿಂದ ಬಂದ ಕಾಯಿಲೆಗಳಿಗಾಗಿ ಮಾಡುವಂಥದ್ದು.

ಇದರಲ್ಲಿ ಎರಡು ವಿಧಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ಸ್ಲೀವ್. ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿ, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಾಗಿ ಬಿಡುತ್ತಾರೆ. ಎರಡನೆಯದು ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಯಾವುದೇ ಆಗಲಿ, ಮೊದಲು ಎರಡು ತಟ್ಟೆ ಬಿರಿಯಾನಿ ಹಿಡಿಯುತ್ತಿದ್ದ ಹೊಟ್ಟೆ ಈಗ ಒಂದು ಚಿಕ್ಕ ಬಟ್ಟಲಿಗೇ ತುಂಬಿಹೋಗುತ್ತದೆ.

ಇನ್ನು ನೀವೇ ಯೋಚಿಸಿ. ಜಾಗ ಇರುವುದೇ ಒಂದು ಬಟ್ಟಲಿನಷ್ಟು. ದೇಹಕ್ಕೆ ಬೇಕಾದ ಎಲ್ಲವೂ ಆ ಬಟ್ಟಲಿನಲ್ಲೇ ಹೋಗಬೇಕು. ಅದರಲ್ಲಿ ಮೊದಲು ಏನನ್ನು ಹಾಕುತ್ತೀರಿ? ಇಡೀ ವಿಷಯ ಇರುವುದು ಈ ಒಂದು ಪ್ರಶ್ನೆಯಲ್ಲಿ.

ಜ್ಯೂಸ್ ಎಲ್ಲಿ ತಪ್ಪುತ್ತದೆ?

ಶಸ್ತ್ರಚಿಕಿತ್ಸೆ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಎಂದು ವೈದ್ಯರು ಹೇಳುತ್ತಾರೆ. ತೂಕ ವೇಗವಾಗಿ ಇಳಿಯುವಾಗ ಕರಗುವುದು ಕೊಬ್ಬು ಮಾತ್ರವಲ್ಲ. ಪ್ರೋಟೀನ್ ಸಾಲದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಕಾಲಲ್ಲಿ ಶಕ್ತಿ ಹೋಗುತ್ತದೆ. ಇಂತಹ ಶಸ್ತ್ರಚಿಕಿತ್ಸೆಯ ನಂತರ ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ. ಆದರೆ ಪ್ರೋಟೀನ್, ಕಬ್ಬಿಣಾಂಶ, ಸತು ಕಡಿಮೆಯಾದರೆ ಅದು ಹೆಚ್ಚಾಗುತ್ತದೆ.

ಈಗ ಲೆಕ್ಕ ಹಾಕೋಣ. ಒಂದು ಲೋಟ ಮೂಸಂಬಿ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಅದರಲ್ಲಿರುವ ಪ್ರೋಟೀನ್ ಒಂದು ಗ್ರಾಂ ಆಸುಪಾಸು. ನನ್ನ ತಂಗಿ ದಿನಕ್ಕೆ ಕುಡಿಯುತ್ತಿದ್ದ ಐದು ಲೋಟವನ್ನೂ ಸೇರಿಸಿದರೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಒಂದು ಕೋಳಿಮೊಟ್ಟೆಯಲ್ಲಿರುವಷ್ಟು, ಅಂದರೆ ಆರೇಳು ಗ್ರಾಂ. ಬೇಕಾದದ್ದರ ಹತ್ತನೇ ಒಂದು ಭಾಗ!

ಸಕ್ಕರೆಯ ಲೆಕ್ಕ ಇದಕ್ಕೆ ವಿರುದ್ಧ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 100 ಮಿಲಿ ಲೀಟರ್ ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇರುತ್ತದೆ. ಒಂದು ಲೋಟಕ್ಕೆ ಐದಾರು ಚಮಚ ಆಯಿತು. ದ್ರಾಕ್ಷಿ ರಸವೂ ಕಡಿಮೆಯೇನಲ್ಲ. 'ಹಣ್ಣಿನ ಸಕ್ಕರೆ ಒಳ್ಳೆಯದು' ಎಂಬ ಮಾತನ್ನು ನಾವು ಕೇಳುತ್ತಿರುತ್ತೇವೆ. ಇಡಿಯಾಗಿ ಅಗಿದು ತಿನ್ನುವಾಗ ನಾರಿನ ಜೊತೆ ಸೇರಿ ನಿಧಾನವಾಗಿ ಇಳಿಯುವ ಸಕ್ಕರೆಗೆ ಆ ಮಾತು ಸರಿ. ರಸ ಹಿಂಡಿ ಸಿಪ್ಪೆ, ನಾರು ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿದ ಮೇಲೆ ಉಳಿಯುವುದು ಸಕ್ಕರೆ ನೀರಿಗೆ ಹತ್ತಿರದ್ದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಸಲಹೆಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಮಿತಿಗೊಳಿಸಬೇಕಾದ ಸಕ್ಕರೆಗಳ ಸಾಲಿಗೇ ಸೇರಿಸಿದೆ. ಪೊಟ್ಟಣದ ಜ್ಯೂಸ್ ಮೇಲೆ 'ನೂರಕ್ಕೆ ನೂರು ಹಣ್ಣಿನ ರಸ' ಎಂದು ಬರೆದಿರುವುದನ್ನು ತೆಗೆಯಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಆದೇಶಿಸಿತ್ತು ಎಂಬುದೂ ನೆನಪಿರಲಿ.

ಶಸ್ತ್ರಚಿಕಿತ್ಸೆ ಆದವರಲ್ಲಿ ಇನ್ನೊಂದು ತೊಂದರೆ ಇದೆ. ಸಿಹಿಯಾದ ರಸ ಪುಟ್ಟ ಜಠರದಲ್ಲಿ ನಿಲ್ಲದೆ ಕರುಳಿಗೆ ಒಮ್ಮೆಲೇ ಇಳಿಯುತ್ತದೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು, ಸ್ಲೀವ್ ಆದವರಲ್ಲೂ ಆಗಬಹುದು. ಕುಡಿದ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ನುಲಿತ, ಭೇದಿ ಕಾಣಿಸುತ್ತವೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗಿ ಕಣ್ಣು ಕತ್ತಲೆ ಬರುತ್ತದೆ.

ಮನೆಯವರು ಎಡವುವುದು ಇಲ್ಲಿಯೇ. ತಲೆ ಸುತ್ತಿತು ಎಂದು ಮತ್ತೊಂದು ಲೋಟ ಜ್ಯೂಸ್ ಕೊಡುತ್ತಾರೆ. ಆ ಲೋಟ ಮುಂದಿನ ತಲೆಸುತ್ತಿಗೆ ಕಾರಣವಾಗುತ್ತದೆ. ಸಕ್ಕರೆ ಅಳೆಯುವ ಯಂತ್ರ ಮನೆಯಲ್ಲಿದ್ದರೆ ಆಗ ಪರೀಕ್ಷಿಸಿ. 70ಕ್ಕಿಂತ ಕೆಳಗಿಳಿದಿದ್ದರೆ ಆ ಹೊತ್ತಿಗೆ ಸ್ವಲ್ಪ ಸಿಹಿ ಕೊಡಲೇಬೇಕು, ಅದರ ಹಿಂದೆಯೇ ಮೊಟ್ಟೆ, ಪನೀರ್, ಮೊಸರಿನಂತಹ ಪ್ರೋಟೀನ್ ಇರುವ ಆಹಾರ ಕೊಡಿ. ಪದೇ ಪದೇ ಹೀಗಾಗುತ್ತಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆಯ ಮಾತ್ರೆಯ ಪ್ರಮಾಣವನ್ನೂ ಆಗ ಬದಲಿಸಬೇಕಾಗಬಹುದು.

ಗ್ಲೂಕೋಸ್ ಹಾಕಿಸುವ ಮುನ್ನ

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಬಿ1 ಅಥವಾ ಥಯಮಿನ್ ಎಂಬ ವಿಟಮಿನ್ ನಮ್ಮ ದೇಹದಲ್ಲಿ ಹೆಚ್ಚು ಸಂಗ್ರಹವಾಗಿರುವುದಿಲ್ಲ. ಊಟ ಸರಿಯಾಗಿಲ್ಲದೆ, ಮೇಲಿಂದ ಮೇಲೆ ವಾಂತಿಯೂ ಆಗುತ್ತಿದ್ದರೆ ಕೆಲವೇ ವಾರಗಳಲ್ಲಿ ಅದು ಖಾಲಿಯಾಗುತ್ತದೆ. ಜೊತೆಗೆ ಸಕ್ಕರೆಯನ್ನು ಶಕ್ತಿಯಾಗಿ ಪರಿವರ್ತಿಸಲು ದೇಹಕ್ಕೆ ಬೇಕಾಗುವುದೂ ಇದೇ ವಿಟಮಿನ್. ಅಂದರೆ ಬರೀ ಸಿಹಿ ರಸದ ಮೇಲೆ ಬದುಕುವವರಲ್ಲಿ ಒಳಗೆ ಬರುವುದು ಕಡಿಮೆ, ಖರ್ಚಾಗುವುದು ಹೆಚ್ಚು.

ಬಿ1 ಕಡಿಮೆಯಾದರೆ ಮೊದಲು ಪಾದಗಳಲ್ಲಿ ಜೋಮು, ಉರಿ. ನಂತರ ನಡಿಗೆ ತೂರಾಡುತ್ತದೆ. ಒಂದು ವಸ್ತು ಎರಡಾಗಿ ಕಾಣುತ್ತದೆ. ಮಾತು, ನೆನಪು ಗೊಂದಲವಾಗುತ್ತದೆ. ಆ ಹಂತ ಮುಟ್ಟಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ನಮ್ಮ ಹಳ್ಳಿಗಳಲ್ಲಿ ಸುಸ್ತಾದವರನ್ನು ಹತ್ತಿರದ ಕ್ಲಿನಿಕ್‌ಗೆ ಕರೆದೊಯ್ದು 'ಒಂದು ಬಾಟಲ್ ಗ್ಲೂಕೋಸ್ ಹಾಕಿ ಡಾಕ್ಟ್ರೇ' ಎಂದು ನಾವೇ ಕೇಳುವುದುಂಟು. ಬಿ1 ಖಾಲಿಯಾಗಿರುವ ದೇಹಕ್ಕೆ ಹಾಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರುಪಾರು ಬಿ1 ಕೂಡ ಮುಗಿದು ಪರಿಸ್ಥಿತಿ ಹದಗೆಡಬಹುದು. ಇಂತಹವರಿಗೆ ಮೊದಲು ಬಿ1 ಕೊಡಬೇಕು ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ಆದರೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆ ಎಂದು ನಾವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ದೂರಬೀನಿನ ಮೂಲಕ ಮಾಡಿದ ಶಸ್ತ್ರಚಿಕಿತ್ಸೆಯ ಗಾಯದ ಗುರುತೂ ಎದ್ದು ಕಾಣುವುದಿಲ್ಲ. ಎಷ್ಟೋ ಮನೆಗಳಲ್ಲಿ 'ಜನ ಏನೆನ್ನುತ್ತಾರೋ' ಎಂದು ಶಸ್ತ್ರಚಿಕಿತ್ಸೆಯ ವಿಷಯವನ್ನೇ ಮುಚ್ಚಿಡುತ್ತಾರೆ. ಜನರಿಂದ ಮುಚ್ಚಿಡಿ, ವೈದ್ಯರಿಂದ ಮುಚ್ಚಿಡಬೇಡಿ. ಶಸ್ತ್ರಚಿಕಿತ್ಸೆಯ ಹೆಸರು ಮತ್ತು ತಾರೀಕು ಬರೆದ ಚೀಟಿಯೊಂದು ಸದಾ ಪರ್ಸಿನಲ್ಲಿರಲಿ.

ನನ್ನ ತಂಗಿಗೂ ಹಿಂದಿನ ತಿಂಗಳು ಒಮ್ಮೆ ತಲೆಸುತ್ತು ಬಂದು ಗ್ಲೂಕೋಸ್ ಏರಿಸಿದ್ದರಂತೆ. ಯಾರೂ ಶಸ್ತ್ರಚಿಕಿತ್ಸೆಯ ಮಾತೆತ್ತಿರಲಿಲ್ಲ. ಪಾದದ ಜೋಮು ಹೆಚ್ಚಾದದ್ದು ಆಮೇಲೆಯೇ. ಮರುದಿನವೇ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ವೈದ್ಯರು ಬಿ1 ಇಂಜೆಕ್ಷನ್ ಶುರು ಮಾಡಿದರು. ವಾಂತಿಗೆ ಕಾರಣವನ್ನೂ ಹುಡುಕಿದರು. ಗಬಗಬನೆ ತಿನ್ನುವುದು, ಅಗಿಯದೆ ನುಂಗುವುದು, ಊಟದ ಜೊತೆಗೇ ನೀರು ಕುಡಿಯುವುದು ಅವಳಿಗಿದ್ದ ಹಳೆಯ ಅಭ್ಯಾಸಗಳು. ಆಹಾರ ಸಿಕ್ಕಿಕೊಳ್ಳುತ್ತಿದ್ದದ್ದು ಅದಕ್ಕೇ. ಎಲ್ಲರಿಗೂ ಕಾರಣ ಇಷ್ಟು ಸರಳವಾಗಿರುವುದಿಲ್ಲ. ಜಠರದ ದಾರಿ ಕಿರಿದಾಗಿದ್ದರೂ ವಾಂತಿ ಬರುತ್ತದೆ. ಆದ್ದರಿಂದ ಎರಡು ಮೂರು ದಿನಕ್ಕಿಂತ ಹೆಚ್ಚು ವಾಂತಿಯಾದರೆ ಜ್ಯೂಸ್ ಕುಡಿಸಿ ಸುಮ್ಮನಾಗದೆ ತೋರಿಸಿ. ಜೋಮು, ತೂರಾಟ, ಎರಡೆರಡಾಗಿ ಕಾಣುವುದು ಇದ್ದರೆ ಅದೇ ದಿನ ಹೊರಡಿ.

'ಹಣ್ಣಿನಲ್ಲೇ ವಿಟಮಿನ್ ಇದೆಯಲ್ಲ'

ಅವಳು ವಿಟಮಿನ್ ಮಾತ್ರೆಗಳನ್ನೂ ನಿಲ್ಲಿಸಿಬಿಟ್ಟಿದ್ದಳು. 'ಇಷ್ಟೊಂದು ಹಣ್ಣಿನ ರಸ ಕುಡಿಯುವಾಗ ಮಾತ್ರೆ ಏಕೆ' ಎಂಬುದು ಒಂದು ಕಾರಣ. ಹಣ್ಣಿನಲ್ಲಿ ಸಿ ವಿಟಮಿನ್ ಇದೆ, ನಿಜ. ಆದರೆ ಬಿ12 ಇಲ್ಲ, ಡಿ ಇಲ್ಲ, ಸಾಕಷ್ಟು ಕಬ್ಬಿಣ ಮತ್ತು ಕ್ಯಾಲ್ಸಿಯಂ ಇಲ್ಲ. ಜಠರ ಕಿರಿದಾದ ಮೇಲೆ ಇವುಗಳನ್ನು ಆಹಾರದಿಂದ ಹೀರಿಕೊಳ್ಳುವ ಶಕ್ತಿಯೂ ಕುಂದಿರುತ್ತದೆ. ಆದ್ದರಿಂದ ಈ ಮಾತ್ರೆಗಳು ಜೀವನಪೂರ್ತಿ ಬೇಕು. ವೈದ್ಯರು ಹೇಳಿದಾಗಲೆಲ್ಲ ರಕ್ತ ಪರೀಕ್ಷೆಯೂ ಆಗಬೇಕು. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ ನಮಗೆ ಕಬ್ಬಿಣದ ವಿಷಯದಲ್ಲಂತೂ ಉದಾಸೀನ ಸಲ್ಲದು.

ಇನ್ನೊಂದು ಕಾರಣವನ್ನು ಅವಳು ಹಿಂಜರಿಯುತ್ತಾ ಹೇಳಿದಳು. ಕ್ಯಾಪ್ಸೂಲಿನ ಹೊದಿಕೆಯ ಜಿಲೆಟಿನ್ ಯಾವ ಪ್ರಾಣಿಯದ್ದೋ ಎಂಬ ಅನುಮಾನ. ನಮ್ಮಲ್ಲಿ ಅನೇಕರಿಗೆ ಈ ಅನುಮಾನ ಇದ್ದೇ ಇದೆ, ಕೇಳಲು ಸಂಕೋಚ. ಸಂಕೋಚ ಬೇಡ. ಕ್ಯಾಪ್ಸೂಲ್ ಬದಲು ಗಟ್ಟಿ ಮಾತ್ರೆ, ಅಗಿಯುವ ಮಾತ್ರೆ, ದ್ರವರೂಪದ ಔಷಧ, ಸಸ್ಯಜನ್ಯ ಹೊದಿಕೆಯ ಕ್ಯಾಪ್ಸೂಲ್ ಎಲ್ಲವೂ ಸಿಗುತ್ತವೆ. ವೈದ್ಯರಿಗೆ ಹೇಳಿದರೆ ಬದಲಿಸಿ ಬರೆದುಕೊಡುತ್ತಾರೆ. ಬದಲಿಸಿಕೊಳ್ಳಿ, ನಿಲ್ಲಿಸಬೇಡಿ.

ಹಸಿರು ರಸದ ಗೀಳು

ಇತ್ತೀಚೆಗೆ ಮೊಬೈಲ್ ತೆರೆದರೆ ಸಾಕು, ಪಾಲಕ್, ಬೀಟ್‌ರೂಟ್, ಸೋರೆಕಾಯಿ ಹಸಿಯಾಗಿ ಅರೆದು ಕುಡಿಯಿರಿ ಎನ್ನುವವರ ಸಾಲು. ಶಸ್ತ್ರಚಿಕಿತ್ಸೆ ಆದವರು ಇದರಿಂದ ದೂರವಿರುವುದು ಒಳ್ಳೆಯದು.

ಪಾಲಕ್, ಬೀಟ್‌ರೂಟ್‌ಗಳಲ್ಲಿ ಆಕ್ಸಲೇಟ್ ಎಂಬ ಅಂಶ ಹೆಚ್ಚು. ಸಾಮಾನ್ಯವಾಗಿ ಅದು ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹೊರಟುಹೋಗುತ್ತದೆ. ಬೈಪಾಸ್ ಆದವರಲ್ಲಿ ಅದು ಹೆಚ್ಚಾಗಿ ರಕ್ತ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಅಮೆರಿಕದಲ್ಲಿ ಹಿಂದೆ ಬೈಪಾಸ್ ಆಗಿದ್ದ 65 ವರ್ಷದ ಮಹಿಳೆಯೊಬ್ಬರು 'ದೇಹ ಶುದ್ಧಿ' ಎಂದು ಹಸಿರು ರಸ ಕುಡಿದು ಮೂತ್ರಪಿಂಡಗಳನ್ನೇ ಕಳೆದುಕೊಂಡದ್ದು 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅದಕ್ಕೆ ಮುನ್ನ ಅವರು ದೀರ್ಘಕಾಲ ಆಂಟಿಬಯಾಟಿಕ್ ಕೂಡ ತೆಗೆದುಕೊಂಡಿದ್ದರು. ಅಷ್ಟು ದೂರ ಏಕೆ, ಪಕ್ಕದ ಕೇರಳದಲ್ಲೇ ಬಿಂಬುಳಿ ಕಾಯಿಯ ರಸ ಕುಡಿದ 10 ಮಂದಿಯ ಮೂತ್ರಪಿಂಡ ಕೆಟ್ಟ ವಿಷಯವನ್ನು 2013ರಲ್ಲಿ ವೈದ್ಯರು ಪ್ರಕಟಿಸಿದ್ದಾರೆ. ಅವರು ಶಸ್ತ್ರಚಿಕಿತ್ಸೆ ಆದವರೂ ಅಲ್ಲ.

ಸೋರೆಕಾಯಿಯ ವಿಷಯದಲ್ಲೂ ಎಚ್ಚರ ಬೇಕು. 2010ರಲ್ಲಿ ದಿಲ್ಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾಗಿದ್ದ ಸೋರೆಕಾಯಿ ರಸ ಕುಡಿದು ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ರಚಿಸಿತು. ಮೊದಲು ಒಂದು ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆದುಬಿಡಿ, ಬೇರೆ ರಸದ ಜೊತೆ ಬೆರೆಸಬೇಡಿ ಎಂಬುದು ಆ ಸಮಿತಿಯ ಸಲಹೆ. ರಸಕ್ಕೆ ಮಾತ್ರವಲ್ಲ, ಸಾರಿಗೆ ಹಾಕುವಾಗಲೂ ಈ ಅಭ್ಯಾಸ ಇಟ್ಟುಕೊಳ್ಳಿ.

ಹಾಗಾದರೆ ಹಣ್ಣು ತರಕಾರಿ ಬೇಡವೇ?

ಬೇಕು, ಖಂಡಿತ ಬೇಕು. ಆದರೆ ಹಂತ ನೋಡಿ ಕೊಡಬೇಕು. ಸಾಮಾನ್ಯವಾಗಿ ಆಸ್ಪತ್ರೆಗಳು ಅನುಸರಿಸುವ ಕ್ರಮ ಹೀಗಿದೆ. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ಮೊದಲ ಒಂದೆರಡು ದಿನ ತಿಳಿ ದ್ರವ ಮಾತ್ರ. ಜ್ಯೂಸ್‌ಗೆ ನಿಜವಾಗಿ ಜಾಗ ಇರುವುದು ಇಲ್ಲಿ. ಅದೂ ಸೋಸಿ, ಅರ್ಧಕ್ಕರ್ಧ ನೀರು ಬೆರೆಸಿ, ಸಕ್ಕರೆ ಹಾಕದೆ, ಗುಟುಕು ಗುಟುಕಾಗಿ.

ನಂತರ ಎರಡು ವಾರದವರೆಗೆ ಹಾಲು, ಮಜ್ಜಿಗೆ, ಬೇಳೆಯ ಕಟ್ಟು, ಸೋಸಿದ ಸೂಪ್, ವೈದ್ಯರು ಬರೆದುಕೊಟ್ಟ ಪ್ರೋಟೀನ್ ಪುಡಿ. ಕಾಲು ಸೂಪ್, ಪಾಯಾ ಕೊಟ್ಟರೆ ಬಲ ಬರುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿದೆ. ಅದರ ತಿಳಿಯಲ್ಲಿ ಮಾಂಸದಲ್ಲಿರುವಷ್ಟು ಪ್ರೋಟೀನ್ ಇರುವುದಿಲ್ಲ, ಜಿಡ್ಡು ಮಾತ್ರ ಹೆಚ್ಚು.

ಮೂರು ನಾಲ್ಕನೇ ವಾರ ನುಣ್ಣಗೆ ಅರೆದ ಆಹಾರ. ಆಮೇಲೆ ಆರೆಂಟು ವಾರದವರೆಗೆ ಮೆತ್ತಗಿನ ಆಹಾರ. ಮಸೆದ ಪಪ್ಪಾಯಿ, ಬೆಂದ ಕುಂಬಳ, ಕ್ಯಾರೆಟ್ ಈಗ ಕೊಡಬಹುದು. ಬಾಳೆಹಣ್ಣನ್ನು ಹೇಗೂ ಹಿಂಡಿ ರಸ ತೆಗೆಯಲಾಗುವುದಿಲ್ಲ. ನಮ್ಮ ನಂಜನಗೂಡು ರಸಬಾಳೆ ಸಿಕ್ಕಿದರೆ ಅರ್ಧ ಹಣ್ಣು ಗಟ್ಟಿ ಮೊಸರಿನಲ್ಲಿ ಮಸೆದು ಕೊಡಿ. ರುಚಿಗೆ ರುಚಿ, ಮೊಸರಿನ ಪ್ರೋಟೀನೂ ಸೇರುತ್ತದೆ.

ಅನಂತರ ಮನೆಯ ಊಟ, ಆದರೆ ಕ್ರಮ ಬದಲಾಗಬೇಕು. ಮೊದಲು ಮೊಟ್ಟೆ, ಮೀನು, ಕೋಳಿ, ಬೇಳೆ ಅಥವಾ ಪನೀರ್. ಆಮೇಲೆ ತರಕಾರಿ. ಜಾಗ ಉಳಿದರೆ ಮಾತ್ರ ಅನ್ನ, ರೊಟ್ಟಿ. ಹಣ್ಣನ್ನು ಊಟಗಳ ನಡುವೆ ಚೂರು ಮಾಡಿ, ಚೆನ್ನಾಗಿ ಅಗಿದು ತಿನ್ನಬೇಕು. ಕಿತ್ತಳೆ, ಮೂಸಂಬಿಯ ತೊಳೆಯ ಪೊರೆ ಬಿಡಿಸಿ ಕೊಡಿ, ಅದು ಸಿಕ್ಕಿಕೊಳ್ಳುವುದುಂಟು. ಊಟದ ಜೊತೆ ನೀರು ಬೇಡ. ಊಟವಾಗಿ ಅರ್ಧ ಗಂಟೆಯ ನಂತರ ಗುಟುಕರಿಸುತ್ತಾ ದಿನಕ್ಕೆ ಒಂದೂವರೆ ಲೀಟರಾದರೂ ದ್ರವ ಹೋಗಬೇಕು. ತರಕಾರಿ ರಸದ ಆಸೆಯಾದರೆ ಸೌತೆ, ಟೊಮೆಟೊದಂತಹ ಸಿಹಿ ಕಡಿಮೆ ಇರುವುದನ್ನು ಅರ್ಧ ಲೋಟ ಕುಡಿಯಲಿ. ಆದರೆ ಅದನ್ನು ನೀರಿನ ಲೆಕ್ಕಕ್ಕೆ ಸೇರಿಸಿ, ಊಟದ ಲೆಕ್ಕಕ್ಕಲ್ಲ.

ಮೈಸೂರಿನಿಂದ ಬಂದ ಮೇಲೆ ನಾವು ಮಾಡಿಕೊಟ್ಟ ಎರಡು ಅಡುಗೆ ಇಲ್ಲಿವೆ.

ಕುಂಬಳ-ಹೆಸರುಬೇಳೆ ಗಟ್ಟಿ ಸೂಪ್: 30 ಗ್ರಾಂ ಹೆಸರುಬೇಳೆ, ಅರ್ಧ ಬಟ್ಟಲು ಸಿಹಿಗುಂಬಳದ ಹೋಳು, ಚೂರು ಶುಂಠಿ, ಚಿಟಿಕೆ ಅರಿಶಿನ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಮಸೆದು, ಮತ್ತೆ ಕುದಿಸುವಾಗ ಒಂದು ಮೊಟ್ಟೆಯ ಬಿಳಿಭಾಗವನ್ನು ಕಡೆದು ಸುರಿದು ಕಲಕಿ. ಉಪ್ಪು, ಜೀರಿಗೆ ಪುಡಿ ಸಾಕು. ಇದರಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಸಿಗುತ್ತದೆ. ಎರಡು ಸಲಕ್ಕೆ ಹಂಚಿ ಕೊಡಿ.

ಸೋರೆಕಾಯಿ-ಕೋಳಿ ಖೀಮಾ: 50 ಗ್ರಾಂ ಮೂಳೆಯಿಲ್ಲದ ಕೋಳಿ, ರುಚಿ ನೋಡಿದ ಸೋರೆಕಾಯಿ ಹೋಳು, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಮುಚ್ಚಿ ಬೇಯಿಸಿ. ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ, ಒಂದು ಚಮಚ ಮೊಸರು ಬೆರೆಸಿ. ಇದರಲ್ಲೂ 10 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಮಿಕ್ಸಿ ಅದೇ, ತರಕಾರಿ ಅದೇ. ಹಿಂಡಿ ಎಸೆಯುವುದರ ಬದಲು ಇಡಿಯಾಗಿ ಹೊಟ್ಟೆಗೆ ಹೋಗುತ್ತದೆ.

ರಮಝಾನ್ ಬಂದಾಗ

ಇಫ್ತಾರಿನ ದಸ್ತರ್‌ಖಾನಿನಲ್ಲಿ ಗುಲಾಬಿ ಶರಬತ್ತು, ಕಲ್ಲಂಗಡಿ ರಸ, ಖರ್ಜೂರ ಎಲ್ಲವೂ ಇರುತ್ತವೆ. ಶಸ್ತ್ರಚಿಕಿತ್ಸೆ ಆದ ಮೊದಲ ತಿಂಗಳುಗಳಲ್ಲಿ ಉಪವಾಸ ಬೇಡವೆಂದೇ ವೈದ್ಯರು ಹೇಳುತ್ತಾರೆ. ಗುಟುಕು ಗುಟುಕಾಗಿ ಇಡೀ ದಿನ ಕುಡಿಯಬೇಕಾದ ನೀರನ್ನು ಆ ಪುಟ್ಟ ಹೊಟ್ಟೆ ರಾತ್ರಿಯ ಕೆಲವೇ ಗಂಟೆಗಳಲ್ಲಿ ಹಿಡಿಯಲಾರದು. ವರ್ಷ ಕಳೆದ ಮೇಲೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ರೋಗಿಗಳು ಆ ದಿನಗಳನ್ನು ಮುಂದೆ ಪೂರೈಸಬಹುದೆಂಬ ರಿಯಾಯಿತಿ ಕುರ್‌ಆನಿನ ಅಲ್ ಬಕರಃ ಅಧ್ಯಾಯದಲ್ಲೇ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು 'ಎಲ್ಲರೂ ಹಿಡಿಯುವಾಗ ನಾನೊಬ್ಬಳೇ...' ಎಂಬ ನಾಚಿಕೆಯಿಂದ ಬಿಡಬೇಕಾಗಿಲ್ಲ. ವೈದ್ಯರ ಒಪ್ಪಿಗೆ ಸಿಕ್ಕಿ ಉಪವಾಸ ಹಿಡಿದವರು ಒಂದು ಖರ್ಜೂರ, ಎರಡು ಗುಟುಕು ನೀರಿನಿಂದ ತೊರೆದು, ಶರಬತ್ತು ಬದಿಗಿಟ್ಟು, ಸ್ವಲ್ಪ ಹೊತ್ತಿನ ನಂತರ ಪ್ರೋಟೀನ್ ಇರುವ ಆಹಾರ ತಿನ್ನಲಿ.

ಮನೆಯವರಿಗೆ ಎರಡು ಮಾತು

ಶಸ್ತ್ರಚಿಕಿತ್ಸೆ ಒಬ್ಬಳಿಗೆ ಆದರೂ ಅಡುಗೆಮನೆ ಎಲ್ಲರದ್ದು. ಸೊಸೆಗೆಂದು ಬೇರೆ ಪಾತ್ರೆ ಇಡುವುದು ಕಷ್ಟವೇ. ಆದರೆ ಸಾರಿನ ಬೇಳೆಯನ್ನೇ ಎರಡು ಸೌಟು ತೆಗೆದಿಟ್ಟು ಮಸೆಯಲು, ಬಿರಿಯಾನಿಯ ಕೋಳಿಯಲ್ಲಿ ಎರಡು ತುಂಡು ಮೊದಲೇ ಬೇಯಿಸಿ ತೆಗೆದಿಡಲು ಹೆಚ್ಚು ಹೊತ್ತು ಬೇಡ. ಆಸ್ಪತ್ರೆಯಿಂದ ಹೊರಡುವ ಮುನ್ನ ಆಹಾರದ ಪಟ್ಟಿಯನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿಸಿಕೊಂಡು ನೀವೇ ಬರೆದುಕೊಳ್ಳಿ. ಅಡುಗೆ ಮಾಡುವವರು ಯಾರೋ ಅವರನ್ನೂ ಜೊತೆಗೆ ಕರೆದೊಯ್ಯಿರಿ. ನೋಡಲು ಹೋಗುವವರು ಹಣ್ಣಿನ ಚೀಲದ ಬದಲು ಒಂದು ಡಜನ್ ಮೊಟ್ಟೆಯನ್ನೋ ಅರ್ಧ ಕಿಲೋ ಪನೀರನ್ನೋ ಒಯ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕಳೆದ ತಿಂಗಳು ಮತ್ತೆ ಬದನವಾಳಿಗೆ ಹೋಗಿದ್ದೆ. ನನ್ನ ತಂಗಿ ಗೋಡೆ ಹಿಡಿಯದೆ ಬಂದು ಬಾಗಿಲು ತೆರೆದಳು. ಉದುರಿದ ಕಡೆ ಎಳೆಗೂದಲು ಚಿಗುರಿದೆ. ಎಡಗಾಲಿನ ಎರಡು ಬೆರಳಲ್ಲಿ ಜೋಮು ಇನ್ನೂ ಉಳಿದಿದೆ. ಹೋಗಲು ಸಮಯ ಬೇಕು, ಪೂರ್ತಿ ಹೋಗದೆಯೂ ಇರಬಹುದು ಎಂದಿದ್ದಾರೆ ವೈದ್ಯರು. ಗೋಡೆಯ ಕ್ಯಾಲೆಂಡರಿನ ಪಕ್ಕ ಆಹಾರದ ಪಟ್ಟಿ ಅಂಟಿಸಿತ್ತು. ಅವಳ ಮಗಳು ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆದದ್ದು.

ಸಂಜೆ ಗಂಡ ಅಂಗಡಿಯಿಂದ ಬರುವಾಗ ಈಗಲೂ ಹಣ್ಣು ತರುತ್ತಾನೆ. ಆದರೆ ಚೀಲದ ತುಂಬ ಅಲ್ಲ, ಎರಡು ರಸಬಾಳೆ. ಅತ್ತೆ ಒಂದನ್ನು ಸುಲಿದು ಅರ್ಧ ಮಾಡಿ, ಮೊಸರಿನ ಬಟ್ಟಲಿಗೆ ಹಾಕಿ, 'ಮೊದಲು ಮೊಟ್ಟೆ ಮುಗಿಸು, ಆಮೇಲೆ ಇದು' ಎಂದರು.